ಬಾಗಿಲ ಬಳಿಯ ಮೇಜು

ಮತ್ತೆ ಅದೇ ಬಸ್ ಕಂಪನಿ. ತನ್ನ ಮೇಜಿನ ಕಂಪ್ಯೂಟರ್ ಪರದೆಯ ಮೇಲೆ ಆ ಸೈಟಿನ ಹೆಸರು ಕಂಡದ್ದೇ ಗಂಡ ಮೀಸೆಯಡಿಯಲ್ಲಿ ನಕ್ಕ. ಅಡುಗೆಮನೆಯಲ್ಲಿ ಹೆಂಡತಿ ಹಳೆಯ ಲ್ಯಾಪ್‌ಟಾಪ್ ಮುಚ್ಚಿದ ಸದ್ದು ಕೇಳಿಸಿತು. ಒಳಗೆ ಹೋಗಿ ಅದರ ಹಿಸ್ಟರಿ ತೆರೆದರೆ ಅಡುಗೆ, ಹೊಲಿಗೆ ಬಿಟ್ಟು ಇನ್ನೇನೂ ಸಿಗುತ್ತಿರಲಿಲ್ಲ. ಪಾಪ, ಪ್ರೈವೇಟ್ ವಿಂಡೋದಲ್ಲಿ ನೋಡಿ ಮುಚ್ಚಿಬಿಟ್ಟರೆ ಯಾರಿಗೂ ತಿಳಿಯದು ಎಂದುಕೊಂಡಿದ್ದಾಳೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ.

ಅವನ ಕಸುಬೇ ಇಂಟರ್‌ನೆಟ್. ಮನೆಯಲ್ಲೇ ಕುಳಿತು, ಫೋನಿನಲ್ಲೇ ಹೇಳಿಕೊಟ್ಟು ಊರವರ ರೂಟರ್ ಸರಿಮಾಡಿಸುತ್ತಿದ್ದ. ಮೇಜನ್ನು ಮುಂಬಾಗಿಲಿಗೇ ಒತ್ತಿ ಹಾಕಿಕೊಂಡಿದ್ದ. ಸಾಹೇಬರು ಕುರ್ಚಿ ಸರಿಸದೆ ಇರುವೆಯೂ ಹೊರಗೆ ಹೋಗುವಂತಿರಲಿಲ್ಲ. ಹಿತ್ತಿಲ ಬಾಗಿಲಿಗೆ ಕಳ್ಳರ ಕಾಟವೆಂದು ಮೊಳೆ ಹೊಡೆದಾಗಿತ್ತು.

ಮೇಜಿನ ಡ್ರಾಯರಿನಲ್ಲಿ, ಬೀಗದೊಳಗೆ, ಅವಳ ಫೋನು ಮತ್ತು ನರ್ಸಿಂಗ್ ಸರ್ಟಿಫಿಕೇಟು. ಮದುವೆಗೆ ಮುಂಚೆ ಇಡೀ ವಾರ್ಡನ್ನು ಒಬ್ಬಳೇ ನಿಭಾಯಿಸಿದ್ದ ಹೆಂಗಸು, ಈಗ ಹಾಲಿನವನಿಗೆ ಬಾಗಿಲು ತೆಗೆಯಲೂ ಅಪ್ಪಣೆ ಕೇಳಬೇಕು. ಅಣ್ಣ ಫೋನ್ ಮಾಡಿದರೆ ಸ್ಪೀಕರ್ ಹಾಕಿ ಕೊಡುತ್ತಿದ್ದ. ಚೆನ್ನಾಗಿದ್ದೀನಿ ಎನ್ನುತ್ತಿದ್ದಳು. ಪಕ್ಕದಲ್ಲೇ ಗಂಡ ಕುಳಿತಿದ್ದರೆ ಇನ್ನೇನು ಹೇಳಿಯಾಳು?

ಗಿರಾಕಿಗಳಲ್ಲೂ ಅನುಮಾನದ ಪಿಶಾಚಿಗಳಿಗೆ ಬರವಿರಲಿಲ್ಲ. ಮಗ ಪ್ರೈವೇಟ್ ವಿಂಡೋದಲ್ಲಿ ಏನು ನೋಡುತ್ತಾನೋ ಎಂದು ಒಬ್ಬರು ಗೋಳಾಡಿದಾಗ ಅವನು ಗಂಟಲೆತ್ತಿ ಪಾಠ ಹೇಳಿದ್ದ.

"ಅದು ಗುಟ್ಟು ಮಾಡೋದು ಆ ಕಂಪ್ಯೂಟರಿನಲ್ಲಿ ಮಾತ್ರ ಸ್ವಾಮಿ. ಯಾವ ಸೈಟ್‌ಗೆ ಹೋದ ಅನ್ನೋದು ರೂಟರ್‌ನಲ್ಲಿ ಬಿದ್ದಿರುತ್ತೆ."

ಇಂಥ ಪಾಠ ಅವನಿಗೆ ದಿನನಿತ್ಯದ್ದು. ಆವತ್ತು ಟೀ ತಂದಿಟ್ಟ ಹೆಂಡತಿಗೆ, ಸಕ್ಕರೆ ಸಾಲದೆಂದು ಅದೇ ಗಂಟಲಲ್ಲಿ ಗದರಿದ್ದ ಕೂಡ.

ಬೆನ್ನು ನೋವೆಂದು ಅವನು ನರಳಿದಾಗ ಅವಳು ಮೆಲ್ಲಗೆ ಅಂದಿದ್ದಳು: "ರೀ, ಒಂದ್ಸಲನಾದ್ರೂ ಎದ್ದು ಹೊರಗೆ ಓಡಾಡ್ಕೊಂಡು ಬನ್ನಿ."

"ನಾನು ಕದಲಲ್ಲ ಕಣೆ," ಎಂದಿದ್ದ.

ಈಗ ರೂಟರ್ ಎಲ್ಲವನ್ನೂ ಒಪ್ಪಿಸುತ್ತಿತ್ತು. ಮೊದಲು ಉತ್ತರದ ದೊಡ್ಡ ಊರಿನ ಹೆಂಗಸರ ಹಾಸ್ಟೆಲು, ಆಮೇಲೆ ಅಲ್ಲಿನ ಆಸ್ಪತ್ರೆ, ಈಗ ಅಲ್ಲಿಗೆ ಹೋಗುವ ಬಸ್ಸು. ಆ ಕಂಪನಿಗೆ ಇದ್ದದ್ದು ದಿನಕ್ಕೊಂದೇ ಬಸ್ಸು, ಬೆಳಿಗ್ಗೆ ಹತ್ತಕ್ಕೆ. ಹೆಂಡತಿ ಮಂಚದ ಕೆಳಗೆ ಸಣ್ಣ ಚೀಲ ಕಟ್ಟಿಟ್ಟದ್ದನ್ನೂ ನೋಡಿದ.

ಕೇಳಿದರೆ ಇಲ್ಲ ಅಂದಾಳು, ಲ್ಯಾಪ್‌ಟಾಪಿನಲ್ಲಿ ಸಾಕ್ಷಿಯಿಲ್ಲ. ನಾಲ್ಕು ಜನರ ಎದುರು, ಚೀಲದ ಸಮೇತ, ಬಸ್ಸಿನ ಮೆಟ್ಟಿಲ ಮೇಲೇ ಹಿಡಿಯಬೇಕು. ಆಮೇಲೆ ಅವಳ ಪರವಾಗಿ ಅವಳಣ್ಣನೂ ಬಾಯಿ ತೆರೆಯಬಾರದು.

ಬೆಳಿಗ್ಗೆ ಮೇಜು ಸರಿಸಿ, ಗಿರಾಕಿಯ ಮನೆಗೆ ಹೋಗಬೇಕು, ಬರುವುದು ಮಧ್ಯಾಹ್ನವಾಗುತ್ತದೆ ಎಂದ. ಬೇಕೆಂದೇ ಬಾಗಿಲಿಗೆ ಬೀಗ ಹಾಕಲಿಲ್ಲ. ಬೋನಿನ ಬಾಯಿ ತೆರೆದಿಟ್ಟರೆ ತಾನೇ ಇಲಿ ಬೀಳುವುದು?

"ನಿಧಾನವಾಗಿ ಬನ್ನಿ," ಎಂದಳು ಅವಳು.

ಬಸ್ ನಿಲ್ದಾಣದಲ್ಲಿ ಟೀ ಅಂಗಡಿಯ ಮರೆಯಲ್ಲಿ ನಿಂತ. ಜನ ಹತ್ತಿದರು, ಇಳಿದರು, ಮತ್ತೆ ಹತ್ತಿದರು. ಅವಳಿಲ್ಲ. ಹೊರಡುವ ಹೊತ್ತಿಗೆ ತಾನೇ ಬಸ್ಸಿಗೆ ನುಗ್ಗಿ ಸೀಟು ಸೀಟು ಜಾಲಾಡಿದ. ಟಿಕೆಟ್ ತೋರಿಸಿ, ಇಲ್ಲವೇ ಕೆಳಗಿಳಿಯಿರಿ ಎಂದ ಕಂಡಕ್ಟರ್. ಬಸ್ಸು ಅವನ ಮುಖಕ್ಕೆ ಹೊಗೆ ಬಿಟ್ಟು ಹೊರಟುಹೋಯಿತು.

ಫೋನಿನಲ್ಲಿ ಮನೆಯ ರೂಟರ್ ನೋಡಿದ. ಸಂಪರ್ಕವೇ ಇರಲಿಲ್ಲ. ಮದುವೆಯಾದಂದಿನಿಂದ ಇದೇ ಮೊದಲ ಬಾರಿಗೆ ಅವನಿಗೆ ತನ್ನ ಮನೆಯೊಳಗೆ ಏನಾಗುತ್ತಿದೆಯೆಂದು ಗೊತ್ತಿರಲಿಲ್ಲ. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದ.

ಮುಂಬಾಗಿಲು ಹಾರುಹೊಡೆದಿತ್ತು. ರೂಟರಿನ ವೈರು ಕಿತ್ತಿತ್ತು, ಡ್ರಾಯರಿನ ಬೀಗ ಮುರಿದಿತ್ತು. ಒಳಗೆ ಫೋನಿಲ್ಲ, ಸರ್ಟಿಫಿಕೇಟಿಲ್ಲ. ಕಟ್ಟಿಟ್ಟ ಚೀಲ ಮಾತ್ರ ಮಂಚದ ಕೆಳಗೆ ಇದ್ದಲ್ಲೇ ಇತ್ತು. ಬಿಚ್ಚಿದ, ಅದರ ತುಂಬ ಅವನವೇ ಹಳೆಯ ಅಂಗಿಗಳು.

ಅಡುಗೆಮನೆಯಲ್ಲಿ ಲ್ಯಾಪ್‌ಟಾಪ್ ತೆರೆದೇ ಇತ್ತು. ಪ್ರೈವೇಟ್ ವಿಂಡೋದ ಹುಡುಕುವ ಜಾಗದಲ್ಲಿ ಒಂದು ಸಾಲು ಬರೆದಿತ್ತು: "ನೀವು ನೋಡ್ತಿದ್ದೀರಿ ಅಂತ ಗೊತ್ತಿತ್ತು ರೀ, ನೀವು ಒಂದ್ಸಲ ಬಾಗಿಲು ಬಿಟ್ಟು ಏಳಲಿ ಅಂತಾನೇ ಇಷ್ಟು ದಿನ ಹುಡುಕಿದ್ದು."