ದವಾಖಾನೆಯಲ್ಲಿ ಡೊಳ್ಳು

ಸೊಲ್ಲಾಪುರದ ದವಾಖಾನೆಯೊಳಗೆ ಧೂಳಪ್ಪ ಡೊಳ್ಳು ಬಾರಿಸುತ್ತ ಕುಣಿಯತೊಡಗಿದ್ದೇ ತಡ, ಹೊರಗೆ ಕೂತ ರೋಗಿಗಳೆಲ್ಲ ತಮ್ಮ ಬೇನೆ ಮರೆತು ಕಿಟಕಿಗೆ ಮುಗಿಬಿದ್ದರು. ಡೊಳ್ಳು ತರಲು ಹೇಳಿದವರು ಡಾಕ್ಟರ್ ಸಾತಲಿಂಗಪ್ಪನವರೇ. ಚಪಳಗಾಂವದಿಂದ ಎಸ್‌ಟಿ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದ ತಾಯಿ ಸುಗಲಾಬಾಯಿಗೆ ಮಾತ್ರ ಜೀವ ಬಾಯಿಗೆ ಬಂದಿತ್ತು.

ಮಗ ಹೀಗೆ ಕುಣಿದಾಗಲೆಲ್ಲ ಬವಳಿ ಬಂದು ಬೀಳುತ್ತಿದ್ದ. ಮೈಮೇಲೆ ಊರದೇವರು ಬೀರೋಬಾ ಬಂದನೆಂದು ಊರವರು ಅವನ ಕಾಲಿಗೆ ಬೀಳುತ್ತಿದ್ದರು. ಅವನಪ್ಪನೂ ಹೀಗೇ ಬೀಳುತ್ತಿದ್ದ. ಒಮ್ಮೆ ಬಿದ್ದವನು ಏಳಲೇ ಇಲ್ಲ. "ದೇವರೇ ಕರ್ಕೊಂಡಾನ, ಪುಣ್ಯವಂತಿ ನೀ, ಅಳಬ್ಯಾಡ" ಎಂದು ಜನ ಅವಳ ಹಣೆಗೆ ಅರಿಶಿನದ ಭಂಡಾರ ಹಚ್ಚಿದ್ದರು. ಪಾಪ, ಅವಳೂ ಅತ್ತಿರಲಿಲ್ಲ.

ಧೂಳಪ್ಪನ ಹೆಜ್ಜೆ ತಪ್ಪಿತು. ಕಿಟಕಿಯಲ್ಲಿ ಒಬ್ಬಾಕೆ ಆಗಲೇ ಕೈಮುಗಿದಿದ್ದಳು.

"ಸಾಕು, ಸಾಕು!" ಡಾಕ್ಟರರು ಅವನನ್ನು ತಬ್ಬಿ ಹಿಡಿದು ಮಂಚದ ಮೇಲೆ ಮಲಗಿಸಿದರು. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿ, ಬಿ.ಪಿ. ಯಂತ್ರದ ಪಾದರಸವನ್ನೇ ನೋಡಿದರು. "ಕುಣಿಯೂಕಿಂತ ಮೊದಲ ಕುಂತಾಗ ನೋಡಿದ್ದೆ, ಬರೋಬ್ಬರಿ ಇತ್ತು. ಈಗ ಇಳದೈತಿ ನೋಡ ಯವ್ವಾ. ಮೈ ದಣದ್ರ ಎಲ್ಲಾರದೂ ಏರತೈತಿ, ಇವಂದು ಇಳೀತೈತಿ. ಗುಂಡಗಿ ಗ್ವಾಡಿ ದಪ್ಪ ಆಗೇತಿ. ಜೋರ್ ಕುಣದ್ರ ರಕ್ತ ಹೊರಗ ಬರಾಕ ದಾರಿ ಸಾಲೂದಿಲ್ಲ, ತಲಿಗೆ ಮುಟ್ಟೂದಿಲ್ಲ. ವಂಶದಾಗ ಬರೂ ಬ್ಯಾನಿ ಇದು. ಇವರಪ್ಪಗೂ ಇದ ಇದ್ದೀತು."

"ಅಂದ್ರ... ಅವರನ್ನ ದೇವರು ಒಯ್ದಿಲ್ಲೇನ್ರಿ?"

"ಬ್ಯಾನಿ ಒಯ್ದೈತಿ."

ಸುಗಲಾಬಾಯಿ ಸೆರಗು ಬಾಯಿಗೊತ್ತಿ ಗೊಳೋ ಎಂದು ಅತ್ತಳು. ಡಾಕ್ಟರರು ಗಾಬರಿಯಾದರು.

"ಅಂಜಬ್ಯಾಡ ಯವ್ವಾ. ಗುಳಿಗಿ ಕೊಡತೀನಿ. ಡೊಳ್ಳು, ಓಡೂದು, ಭಾರ ಎತ್ತೂದು ಬಂದ್ ಮಾಡ್ಲಿ. ಬ್ಯಾರೆ ಮಕ್ಕಳಿದ್ರ ಅವರನ್ನೂ ಒಮ್ಮಿ ಕರ್ಕೊಂಡ ಬಾ, ತಪಾಸ ಮಾಡೂಣು."

"ಅಂಜಿಕಿ ಅಲ್ರಿ ಸಾಹೇಬ್ರ. ಇಷ್ಟ ವರ್ಷ ಗಂಡನ ಸಲುವಾಗಿ ನನಗ ಯಾರೂ ಅಳಾಕ ಬಿಟ್ಟಿದ್ದಿಲ್ರಿ. ನೀವು ಅಳಾಕ ಬಿಟ್ರಿ, ಮಗನ್ನೂ ಉಳಿಸಿ ಕೊಟ್ರಿ. ನಿಮ್ಮ ಹೊಟ್ಟಿ ತಣ್ಣಗಿರ್ಲಿ!"

ಧೂಳಪ್ಪ ಮುಖ ಸಣ್ಣದು ಮಾಡಿ ಎದ್ದು ಕೂತ. "ಯವ್ವಾ, ಡೊಳ್ಳು ಬಿಟ್ರ ಬೀರೋಬಾ ಸಿಟ್ಟಾಗೂದಿಲ್ಲೇನ?"

ಅವಳು ಸೊಂಟದ ಚೀಲ ಬಿಚ್ಚಿ ಚಿಟಿಕೆ ಭಂಡಾರ ತೆಗೆದಳು. ಡಾಕ್ಟರರ ಹಣೆಗೆ ಹಚ್ಚಿದಳು, ಬಿ.ಪಿ. ಯಂತ್ರಕ್ಕೂ ಹಚ್ಚಿದಳು. ಉಳಿದದ್ದನ್ನು ಮಗನ ಹಣೆಗೆ ಒತ್ತಿ ಹೇಳಿದಳು:

"ಬೀರೋಬಾ ಗುಡ್ಯಾಗ ಆರಾಮ ಇರ್ಲಿ. ನೀ ನನ್ನ ಮನ್ಯಾಗ ಇರು."