ಮಗ್ಗದ ಶೆಡ್ಡಿನ ಮಾತು

ಬನಹಟ್ಟಿಯಲ್ಲಿ ದನಿ ತೆಗೆದು ಮಾತಾಡುವುದು ನಿಂತು ಎರಡು ವರ್ಷವಾಗಿತ್ತು. ಗದ್ದದ ಕೆಳಗೆ ಪಟ್ಟಿ ಅಂಟಿಸಿಕೊಂಡು ಸದ್ದಿಲ್ಲದೆ ಬಾಯಾಡಿಸಿದರೆ ಸಾಕು, ಅದು ಸ್ನಾಯುಗಳ ಮಿಡಿತ ಓದಿ ಎದುರಿನ ಪರದೆಯ ಮೇಲೆ ಬರೆಯುತ್ತಿತ್ತು. ಕಚೇರಿ, ದವಾಖಾನೆಗಳಲ್ಲಿ ಪಟ್ಟಿಯ ಮಾತಷ್ಟೇ ನಡೆಯುತ್ತಿತ್ತು; ಆ ಪಟ್ಟಿ ಸಿಗಬೇಕಾದರೆ ಪರೀಕ್ಷೆ ಪಾಸಾಗಬೇಕು. ಪಟ್ಟಿಯಿಲ್ಲದ ಸಾವಂತ್ರೆವ್ವನ ಪರವಾಗಿ ಎಲ್ಲೆಡೆ ಸೊಸೆಯೇ ಮಾತಾಡುತ್ತಿದ್ದಳು. ದವಾಖಾನೆಯಲ್ಲಿ ತನ್ನ ಮಂಡಿನೋವನ್ನೂ ತಾನು ಹೇಳಿಕೊಳ್ಳುವಂತಿರಲಿಲ್ಲ. ಇವತ್ತು ಸೊಸೆಗೆ ತಿಳಿಸದೆ ಒಬ್ಬಳೇ ಪರೀಕ್ಷೆಗೆ ಬಂದಿದ್ದಳು.

ಪರೀಕ್ಷಕ ಮಹಾಂತೇಶ ತುಟಿ ಅಲುಗಿಸಿದ. "ಹತ್ತರಾಗ ಆರು ವಾಕ್ಯ ಸರಿ ಬಂದ್ರ ಸಾಕಜ್ಜಿ" ಎಂದು ಪರದೆಯ ಮೇಲೆ ಮೂಡುವಷ್ಟರಲ್ಲಿ ಎರಡು ಕಡೆ ತಪ್ಪಿ, ಅವನು ತಿದ್ದಬೇಕಾಯಿತು. ಅವನೇ ನಾಲ್ಕನೆಯ ಸಲಕ್ಕೆ ಪಾಸಾದವನು. ಬೆಳಗಿನಿಂದ ಬಂದ ಕಾಲೇಜು ಹುಡುಗರೆಲ್ಲ ಫೇಲಾಗಿ ಮುಖ ಸಪ್ಪಗೆ ಮಾಡಿಕೊಂಡು ಹೋಗಿದ್ದರು.

ಅವನು ಗದ್ದದ ಕೆಳಗೆ ಪಟ್ಟಿ ಅಂಟಿಸಿದ ಮೇಲೆ ಸಾವಂತ್ರೆವ್ವ ಸೆರಗು ಸರಿಮಾಡಿಕೊಂಡು ಶುರುಮಾಡಿದಳು. ಒಂದು ವಾಕ್ಯ, ಎರಡು, ಐದು, ಹತ್ತು. ಒಂದಕ್ಷರವೂ ತಪ್ಪಲಿಲ್ಲ.

ಮಹಾಂತೇಶ ಯಂತ್ರ ಕೆಟ್ಟಿತೆಂದು ಬೇರೆ ಪಟ್ಟಿ ಅಂಟಿಸಿದ. ಮತ್ತೆ ಹತ್ತಕ್ಕೆ ಹತ್ತು.

"ಎಲ್ಲಿ ಕಲತ್ರಿ ಅಜ್ಜಿ?"

ಅವಳ ಉತ್ತರ ಪರದೆಯ ಮೇಲೆ ಸರಸರನೆ ಮೂಡಿತು: "ಮೂವತ್ತೆರಡು ವರ್ಷ ಪವರ್‌ಲೂಮ್ ಶೆಡ್ಡಿನಾಗ ದುಡದೇನಿ. ಆ ಸದ್ದಿನಾಗ ದನಿ ಯಾರಿಗ ಕೇಳತೈತಿ? ನಾವು ಹೆಣಮಕ್ಕಳು ಬರೇ ತುಟಿ ನೋಡ್ಕೋತ ಜಗಳಾನೂ ಆಡೇವಿ, ಲಗ್ನಾನೂ ಕುದುರಿಸೇವಿ."

ಅವನು ಕುರ್ಚಿಯನ್ನು ಮೆಲ್ಲಗೆ ಅವಳ ಹತ್ತಿರಕ್ಕೆ ಎಳೆದುಕೊಂಡ. ಸಾವಂತ್ರೆವ್ವ ಎರಡು ಬೆರಳಲ್ಲಿ ಅವನ ಗದ್ದ ಹಿಡಿದು ಮೇಲೆತ್ತಿದಳು.

"ತುಟಿ ಪೂರಾ ತೆರೀಬೇಕು, ತಮ್ಮಾ. ಮೊದಲ ನಿನ್ನ ಹೆಸರು ಹೇಳು."