ಹೊಗೆ ಯಾವ ಬಣ್ಣ

"ಹೊಗೆ ಯಾವ ಬಣ್ಣ, ಚನ್ನ?" ಎಂದು ಹುಸೇನ್ ಸಾಬ್ ಕೇಳಿದರು. ಲಾರಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರ ಮೂಗಿನ ಮುಂದೆಯೇ ಸೈಲೆನ್ಸರ್ ಕೊಳವೆ ಹೊಗೆ ಕಕ್ಕುತ್ತಿತ್ತು.

ಡ್ರೈವರ್ ಚನ್ನರಾಯಪ್ಪನಿಗೆ ಈ ಪ್ರಶ್ನೆ ಹೊಸದಲ್ಲ. ಕೋಲಾರದ ಆ ರಿಪೇರಿ ಷೆಡ್ಡಿಗೆ ಇತ್ತೀಚೆಗೆ ಯಾವ ಗಾಡಿ ಬಂದರೂ ಉಸ್ತಾದರು ಅವನನ್ನೇ ಕರೆದು ಬಣ್ಣ ಕೇಳುತ್ತಿದ್ದರು. ಕೆಲಸ ಕಲಿಸುವ ರೀತಿ ಇದು ಎಂದುಕೊಂಡು ಅವನು ಹಿಗ್ಗುತ್ತಿದ್ದ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ. ಬೆಳಗಿನ ಹೊತ್ತು ಬಿಳಿಯಾದರೆ ಬರೀ ಚಳಿಯ ತೇವ, ಇಂಜಿನ್ನು ಕಾದ ಮೇಲೆ ತಾನೇ ಹೋಗುತ್ತದೆ. ನೀಲಿಯಾದರೆ ಮಾತ್ರ ಇಂಜಿನ್ನು ಒಳಗೇ ಸವೆದಿದೆ, ತನ್ನ ಎಣ್ಣೆಯನ್ನು ತಾನೇ ಕುಡಿಯುತ್ತಿದೆ, ಏರಿನಲ್ಲಿ ಅದನ್ನು ನಂಬುವಂತಿಲ್ಲ. ಇಷ್ಟೂ ಅವನಿಗೆ ಬಾಯಿಪಾಠವಾಗಿತ್ತು.

ಇವತ್ತಿನ ಹೊಗೆ ನೀಲಿ. ಅದರಲ್ಲಿ ಅನುಮಾನವೇ ಇರಲಿಲ್ಲ. ಚನ್ನರಾಯಪ್ಪ ಒಮ್ಮೆ ಕೊಳವೆಯನ್ನು ನೋಡಿದ, ಒಮ್ಮೆ ಬಾಗಿಲಲ್ಲಿ ಕೊಡೆ ಊರಿ ನಿಂತಿದ್ದ ಸಾವ್ಕಾರ ಕೋದಂಡರಾಮಪ್ಪನವರನ್ನು ನೋಡಿದ. ಷೆಡ್ಡೂ ಅವರದು, ಲಾರಿಯೂ ಅವರದು. ಕೆಟ್ಟು ನಿಂತ ಬಸ್ಸುಗಳನ್ನು ಎಳೆದು ತರುವುದು ಅದರ ಕೆಲಸ. ಯುದ್ಧ ಶುರುವಾಗಿ, ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಇದ್ದಿಲ ಗ್ಯಾಸಿಗೆ ತಿರುಗಿದ ಮೇಲೆ ಅವು ನಿಲ್ಲದ ದಿನವಿಲ್ಲ, ಮುದಿ ಲಾರಿಗೆ ಬಿಡುವೂ ಇಲ್ಲ. ಇಂಜಿನ್ನು ಸವೆದಿದ್ದರೆ ಇವತ್ತೇ ಹಳೇ ಕಬ್ಬಿಣಕ್ಕೆ ಹಾಕಿಬಿಡುತ್ತೇನೆ, ವ್ಯಾಪಾರಿ ಆಗಲೇ ಮಾಲೂರಿನಲ್ಲಿ ರೈಲಿಳಿದಿದ್ದಾನೆ ಎಂದು ಸಾವ್ಕಾರರು ಬಂದವರೇ ಹೇಳಿದ್ದರು. ಲಾರಿ ಹೋದರೆ ಡ್ರೈವರ್ ಯಾಕೆ? ಚನ್ನರಾಯಪ್ಪ ಮತ್ತೆ ಟೇಕಲ್ಲಿಗೆ ಹೋಗಿ ಕಲ್ಲು ಒಡೆಯಬೇಕು.

"ಬಿಳಿ, ಉಸ್ತಾದ್," ಎಂದ.

ಎಂದವನು ಬೈಗುಳಕ್ಕೆ ಕಾದ. ಕಣ್ಣೇನು ಹಿತ್ತಲಲ್ಲಿ ಒಣಗಾಕಿದ್ದೀಯೇನ್ಲಾ ಎನ್ನುತ್ತಾರೆ, ಈಗ ಎನ್ನುತ್ತಾರೆ. ಸಾಬರು ಎನ್ನಲಿಲ್ಲ. ತಲೆಯ ಬಿಳಿ ಟೋಪಿ ತೆಗೆದು, ನೊಣ ಓಡಿಸುವವರ ಹಾಗೆ ಹೊಗೆಯ ಮುಂದೆ ಆಡಿಸಿ, ಬೆರಳಲ್ಲಿ ಒಮ್ಮೆ ಹೊಸಕಿ ಮತ್ತೆ ಹಾಕಿಕೊಂಡರು. "ಬಿಳಿ ಹೊಗೆ, ಸಾವ್ಕಾರ್ರೆ. ಚಳಿ ಅಷ್ಟೆ. ಓಡ್ತದೆ."

ಚನ್ನರಾಯಪ್ಪ ಉಸ್ತಾದರ ಕಣ್ಣುಗಳನ್ನೇ ನೋಡಿದ. ಟೀ ಬಗ್ಗಿಸುವಾಗ ಸಾಬರು ಲೋಟದೊಳಗೆ ಬೆರಳಿಟ್ಟುಕೊಳ್ಳುವುದು, ಕಾಲ ಬಳಿಯೇ ಇರುವ, ನಟ್ಟು ಬಿಚ್ಚುವ ಪಾನವನ್ನು ತಡಕಾಡುವುದು, ಎಲ್ಲ ಒಟ್ಟಿಗೆ ನೆನಪಾಯಿತು. ಇವರು ಇಷ್ಟು ದಿನ ಕಲಿಸುತ್ತಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದರು.

"ಮಂಚಿದಿ, ಒಳ್ಳೇದೇ ಆಯ್ತು," ಎಂದರು ಸಾವ್ಕಾರರು. "ಹಂಗಾದ್ರೆ ಹೊರಡಯ್ಯಾ. ಮುಳಬಾಗಿಲ ಹತ್ರ ನಮ್ಮ ಬಸ್ಸು ನಿಂತದೆ. ಜನಾನ ಇಳಿಸ್ಬೇಡ, ಕೂತಂಗೇ ಎಳ್ಕೊಂಡು ಬಾ. ಹೋದ್ಸಲ ನಡೆಸಿದ್ದಕ್ಕೆ ಊರೂರಲ್ಲೂ ಬೈಸ್ಕೊಂಡಿದೀನಿ."

"ನಾನೂ ಹೋಗ್ತೀನಿ," ಎಂದು ಸಾಬರು ಎದ್ದರು.

"ಈ ವಯಸ್ಸಲ್ಲಿ ನಿಮಗ್ಯಾಕೆ ಸಾಬ್ರೇ?"

"ಮನೇಲಿ ಅಮೀನಾ ಬೀ ಗೊಣಗೋದು ಕೇಳೋದಕ್ಕಿಂತ ಇಂಜಿನ್ ಗೊಣಗೋದು ವಾಸಿ."

ಹೋಗುವಾಗ ದಾರಿಯುದ್ದಕ್ಕೂ ಚನ್ನರಾಯಪ್ಪ ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತಿದ್ದ. ಇಂಜಿನ್ನು ಕಾದಷ್ಟೂ ಹೊಗೆ ಮತ್ತಷ್ಟು ನೀಲಿಯಾಗುತ್ತಿತ್ತು. ಮುಳಬಾಗಿಲ ಹತ್ತಿರ ನಿಂತಿದ್ದ ಬಸ್ಸಿನ ತುಂಬ ಜನ, ಮೇಲೆ ಮೂಟೆ. ಸರಪಳಿ ಬಿಗಿಯುವಾಗ ಕೋಳಿಬುಟ್ಟಿ ತೊಡೆಯ ಮೇಲಿಟ್ಟುಕೊಂಡು ಕಿಟಕಿಗೆ ಕೂತಿದ್ದ ಮುನಿಯಲ್ಲಮ್ಮ ಎಂಬಾಕೆ, "ಏನಣ್ಣಾ, ನಿನ್ನ ಲಾರಿ ಎಳೆಯಾಕೆ ಇನ್ಯಾವ ಲಾರಿ ಬರ್ತದೆ?" ಎಂದಳು. ಬಸ್ಸೆಲ್ಲ ನಕ್ಕಿತು. ಅವನಿಗೆ ನಗು ಬರಲಿಲ್ಲ.

ಹಿಂತಿರುಗುವ ದಾರಿಯಲ್ಲಿ ಏರು ಎದುರಾಯಿತು. ನಡುವೆ ಇಂಜಿನ್ನು ಉಸಿರು ಬಿಟ್ಟರೆ ಬಸ್ಸಿನ ಭಾರಕ್ಕೆ ಲಾರಿಯೂ ಹಿಂದಕ್ಕೆ ಜಾರುತ್ತದೆ, ಅಷ್ಟು ಭಾರ ತಡೆಯುವ ತ್ರಾಣ ಅದರ ಬ್ರೇಕಿಗಿಲ್ಲ. ಚನ್ನರಾಯಪ್ಪ ಗೇರು ಬದಲಾಯಿಸುತ್ತ ಪಕ್ಕಕ್ಕೆ ನೋಡಿದ. ಸಾಬರು ಕಣ್ಣು ಮುಚ್ಚಿ, ಕಿವಿಯನ್ನು ಇಂಜಿನ್ನಿಗೆ ಕೊಟ್ಟು ಕೂತಿದ್ದರು. ಅವರ ಟೋಪಿಯ ಮೇಲೆ ಬಿಸಿಲು ಬಿದ್ದಿತ್ತು. ಬಿಳಿ ಬಟ್ಟೆಯ ತುಂಬ ಸಾಸಿವೆ ಚೆಲ್ಲಿದ ಹಾಗೆ ಎಣ್ಣೆಯ ಚುಕ್ಕಿಗಳು.

ಅವನು ಏರಿನ ಬುಡದಲ್ಲೇ ಲಾರಿ ನಿಲ್ಲಿಸಿದ.

"ನೀಲಿ, ಉಸ್ತಾದ್. ಬೆಳಿಗ್ಗೇನೂ ನೀಲೀನೇ."

"ಗೊತ್ತು ಕಣೋ. ಎಣ್ಣೆ ಬೆರಳಿಗೆ ಸಿಕ್ತು."

"ಮತ್ತೆ ಸಾವ್ಕಾರ್ರ ಮುಂದೆ ಯಾಕೆ ಬಿಳಿ ಅಂದ್ರಿ?"

"ನಿನ್ನ ಸುಳ್ಳು ಬಿಚ್ಚಿದ್ರೆ ಅದರ ಜೊತೆ ನನ್ನದೂ ಬಿಚ್ಚಿಕೊಳ್ತಿತ್ತು. ಕಣ್ಣಿಲ್ಲದ ಮೇಸ್ತ್ರಿನ ಯಾರು ಇಟ್ಕೊಳ್ತಾರೆ? ಇಲ್ಲೀತನಕ ನೀನು ಬಾಯಿಬಿಡ್ತೀಯೇನೋ ಅಂತ ಕಾಯ್ತಾ ಬಂದೆ. ನೀನು ನಿಲ್ಲಿಸದಿದ್ರೆ ನಾನೇ ನಿಲ್ಲಿಸ್ತಿದ್ದೆ." ಸಾಬರು ಬಾಗಿಲ ಹಿಡಿಯನ್ನು ತಡಕಿದರು. "ಮೊದಲು ಜನಾನ ಇಳಿಸು. ಚಕ್ರದ ಹಿಂದೆ ಕಲ್ಲು ಕೊಡ್ತಾ ಬರೋಕೆ ಇಬ್ಬರನ್ನ ನಿಲ್ಲಿಸು."

ಜನ ಶಾಪ ಹಾಕುತ್ತ ಇಳಿದರು. ಸಾವ್ಕಾರರ ಹೆಸರು ಹಿಡಿದೇ ಬೈದರು. ಖಾಲಿ ಬಸ್ಸನ್ನು ಕಟ್ಟಿಕೊಂಡು ಲಾರಿ ನಿಂತು ನಿಂತು, ಕಲ್ಲಿಗೆ ಒರಗಿ ಒರಗಿ ಏರು ಹತ್ತಿತು. ನೀಲಿ ಹೊಗೆಯಲ್ಲಿ ಕೆಮ್ಮುತ್ತ ಹಿಂದೆ ಬಂದ ಜನರ ನಡುವೆ ಸಾಬರೂ ಇದ್ದರು. ಮುನಿಯಲ್ಲಮ್ಮ ತನ್ನ ಬುಟ್ಟಿಯ ಅಂಚನ್ನು ಅವರ ಕೈಗೆ ಕೊಟ್ಟಿದ್ದಳು. ಅದನ್ನು ಹಿಡಿದು ನಡೆದರು.

ಮೇಲೆ ತಲುಪಿದಾಗ ದೂರಕ್ಕೆ ಕೋಲಾರದ ಬೆಟ್ಟ ಕಾಣುತ್ತಿತ್ತು. ಚನ್ನರಾಯಪ್ಪ ಬೆವರೊರೆಸಿಕೊಂಡು ಕೇಳಿದ, "ಸಾವ್ಕಾರ್ರಿಗೆ ಏನಂತ ಹೇಳೋದು, ಉಸ್ತಾದ್?"

ಹುಸೇನ್ ಸಾಬ್ ಟೋಪಿ ಸರಿಮಾಡಿಕೊಂಡರು. "ನಿನಗೆ ಕಂಡಿದ್ದು ನೀನು ಹೇಳು. ನನಗೆ ಕಾಣದೇ ಇದ್ದದ್ದು ನಾನು ಹೇಳ್ತೀನಿ."